ಅರಮನೆಯ ಅಂಚಿನ ದೀಪಗಳು

ನಮ್ಮ ಸವಣೂರಿನ ಕಡೆಯ ಹಿರಿಯರು ಬೆಳಕಿನ ವೈಭವ ಅಂದರೆ ಮದುವೆ ಮೆರವಣಿಗೆಯ ಗ್ಯಾಸ್‌ಬತ್ತಿ ನೆನೆಯುತ್ತಾರೆ. ನನಗೆ ನೆನಪಾಗುವುದು ಮೈಸೂರು ಅರಮನೆ.

ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು, ಆದರೂ ಕಣ್ಣು ಕುಕ್ಕುವುದಿಲ್ಲ! ಯಾಕೆಂದರೆ ಅವು ಗೋಡೆಗೆ ಬೆಳಕು ಚೆಲ್ಲಲು ಕೂತವಲ್ಲ. ಕಮಾನಿನ ಅಂಚು, ಗುಮ್ಮಟದ ಏಣು, ಗೋಪುರದ ಸುತ್ತು ಹಿಡಿದು ಸಾಲಾಗಿ ಹೋಗುತ್ತವೆ. ಕತ್ತಲ ಮೇಲೆ ರಂಗೋಲಿ ಎಳೆದ ಹಾಗೆ ಕಟ್ಟಡ ಮೂಡುತ್ತದೆ. ಸ್ವಿಚ್ ಹಾಕಿದ ಗಳಿಗೆಯನ್ನೇ ನೋಡಬೇಕು. ಒಳಗಿನ ಸಣ್ಣ ತಂತಿ ಕಾಯಬೇಕಲ್ಲ, ಕೆಂಪು ಸುಳಿದು ಆಮೇಲೆ ಹೊನ್ನಾಗುತ್ತದೆ. ಆರುವಾಗಲೂ ಅಷ್ಟೇ, ಚಟ್ಟನೆ ಸಾಯುವುದಿಲ್ಲ. ಎಲ್‌ಇಡಿಗೆ ಈ ಹದ ಇಲ್ಲವೇ ಇಲ್ಲ.

ಮೈಸೂರಿಗೆ ವಿದ್ಯುತ್ ದೀಪ ಬಂದದ್ದು ಮಾತ್ರ ತಡವಾಗಿಯೇ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದದ್ದು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿ ಬೆಳಗಿತು, 1908ರಲ್ಲಿ ಮೈಸೂರು. ಈಗಿನ ಅರಮನೆ ಮುಗಿದದ್ದು 1912ರಲ್ಲಿ.

ಸುಟ್ಟುಹೋದ ಒಂದೊಂದು ಬಲ್ಬನ್ನೂ ಹುಡುಕಿ, ಮೇಲೇರಿ ಬದಲಿಸುವ ಕೈಗಳಿಗೆ ನನ್ನ ಶರಣು. ದಸರೆಗೆ ಹೋದರೆ ದೀಪ ಹತ್ತುವ ಮೊದಲೇ ಅಂಗಳ ಸೇರಿಕೊಳ್ಳಿ. ಆ ಮೊದಲ ಕ್ಷಣ ತಪ್ಪಿಸಿಕೊಳ್ಳಬೇಡಿ.