ಸಾಮಾನಿನ ಜೊತೆ ಬಂದವರು

ಕಳೆದ ದೀಪಾವಳಿಗೆ ನಾಸಿಕ್‌ನಿಂದ ಛತ್ರಪತಿ ಸಂಭಾಜಿನಗರಕ್ಕೆ, ಅಕ್ಕನ ಮನೆಗೆ ಹೋಗಿದ್ದೆ. ಮುಂಬೈ ಕನ್ನಡ ಕಥನದ ಬಗ್ಗೆ ಹಿಂದೊಮ್ಮೆ ನಾನು ಬರೆದಿದ್ದ ಲೇಖನವನ್ನು ಅವಳು ಮೊಬೈಲಿನಲ್ಲಿ ಓದಿಟ್ಟುಕೊಂಡಿದ್ದಳು. ಬಡಿಸುತ್ತಲೇ ಕೇಳಿದಳು: "ಲೋ, ನಿನ್ನ ಲೇಖನದಲ್ಲಿ ಊರು ಬಿಟ್ಟು ಬಂದವರೆಲ್ಲ ಗಂಡಸರೇ ಅಲ್ವೇನೋ? ನಾವೇನು ಸಾಮಾನಿನ ಜೊತೆ ಬಂದ್ವಾ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ವಾಪಸು ಬರುವಾಗ ಬಸ್ಸು ವೈಜಾಪುರ ದಾಟಿ, ಯೇವಲಾ ದಾಟಿದರೂ ಆ ಮಾತು ನನ್ನನ್ನು ಬಿಡಲಿಲ್ಲ.

ನಮ್ಮ ಮನೆಯನ್ನೇ ನೋಡಿ. ಅಪ್ಪ ಬೆಂಗಳೂರಿನ ಎಚ್‌ಎಎಲ್‌ನಿಂದ ನಾಸಿಕ್ ಹತ್ತಿರದ ಓಝರ್‌ಗೆ ವರ್ಗವಾಗಿ ಬಂದವರು. ಮಿಗ್ ವಿಮಾನಗಳ ತಯಾರಿಕೆಗೆಂದು 1964ರಲ್ಲಿ ಶುರುವಾದ ಘಟಕ ಅದು. ಅಪ್ಪನ ವಲಸೆಗೆ ಕಾಗದವಿದೆ: ಆದೇಶ, ತಾರೀಕು, ಪ್ರಯಾಣಭತ್ಯೆ. ಅಮ್ಮನ ವಲಸೆಗೆ ಏನೂ ಇಲ್ಲ. ಅವಳು ಬೇರು ಕಿತ್ತುಕೊಂಡು ಹೊರಟದ್ದು ಎರಡು ಸಲ. ಮೊದಲು ಮದುವೆಯಾಗಿ ಹಾಸನದಿಂದ ಬೆಂಗಳೂರಿಗೆ, ಆಮೇಲೆ ಅಪ್ಪನ ಹಿಂದೆ ಓಝರ್‌ಗೆ. ಫ್ಯಾಕ್ಟರಿಯಲ್ಲಿ ಅಪ್ಪ ಕನ್ನಡ, ಇಂಗ್ಲಿಷ್, ಒಂದಿಷ್ಟು ಹಿಂದಿಯಲ್ಲಿ ಕಾಲ ಹಾಕಿದರು. ತರಕಾರಿಯವಳ ಎದುರು, ಶಾಲೆಯ ಬಾಗಿಲಲ್ಲಿ, ದವಾಖಾನೆಯ ಸಾಲಿನಲ್ಲಿ ಮರಾಠಿ ಕಲಿಯಬೇಕಾದವಳು ಅಮ್ಮ. ಪರಸ್ಥಳವನ್ನು ಮನೆಯಲ್ಲಿ ಮೊದಲು ಮುಖಾಮುಖಿಯಾದವಳು ಅವಳೇ. ಆದರೆ ನಮ್ಮ ವಿಮರ್ಶೆಯಲ್ಲಿ ಅಪ್ಪನದು 'ನಗರಾನುಭವ', ಅಮ್ಮನದು 'ಮನೆವಾರ್ತೆ'.

ಈ ವ್ಯತ್ಯಾಸ ನಮ್ಮ ಮಾತಿನಲ್ಲೇ ಇದೆ. ಗಂಡಸಿಗೆ ಒಂದು 'ಊರು' ಇರುತ್ತದೆ. ಅವನು ಅದನ್ನು ಬಿಡುತ್ತಾನೆ, ನೆನೆಯುತ್ತಾನೆ, ನಿವೃತ್ತನಾದ ಮೇಲೆ ಅಲ್ಲಿ ಮನೆ ಕಟ್ಟಿಸುವ ಕನಸು ಕಾಣುತ್ತಾನೆ. ಹೆಂಗಸಿಗಿರುವುದು 'ತವರು' ಮತ್ತು 'ಗಂಡನೂರು'. ಒಂದರಲ್ಲಿ ಅವಳು ನೆಂಟಳು, ಇನ್ನೊಂದರಲ್ಲಿ ಬಂದವಳು. ತವರು ಎಂಬುದಕ್ಕೆ ಗಂಡಸಿನ ಬದುಕಿನಲ್ಲಿ ಸಮನಾದ ಪದವೇ ಇಲ್ಲ, ಏಕೆಂದರೆ ಅವನಿಗೆ ಅದು ಬೇಕಾಗಿಯೇ ಇಲ್ಲ.

ಯಶವಂತ ಚಿತ್ತಾಲರ 'ಶಿಕಾರಿ' (1979) ಕನ್ನಡದ ವಲಸೆ ಕಾದಂಬರಿಗಳ ಶಿಖರ. ಹನೇಹಳ್ಳಿಯ ನಾಗಪ್ಪ ಮುಂಬೈಯ ಕಂಪನಿಯೊಂದರ ಒಳಸುಳಿಗೆ ಸಿಕ್ಕಿ ತತ್ತರಿಸುವುದನ್ನು ಓದುವಾಗ ಇಂದಿಗೂ ಮೈ ಜುಮ್ಮೆನ್ನುತ್ತದೆ. ಇಡೀ ಕಾದಂಬರಿ ಅವನ ಪ್ರಜ್ಞೆಯೊಳಗೆ ನಡೆಯುವುದರಿಂದ ಹೆಂಗಸರು ಅಲ್ಲಿ ಬರುವುದು ಅವನ ಸಂಶಯದ, ಆಸೆಯ, ಭಯದ ಆಕಾರಗಳಾಗಿ. ಅದು ಚಿತ್ತಾಲರ ತಪ್ಪಲ್ಲ. ಅವರು ಹಿಡಿಯಹೊರಟ ಮನಸ್ಸೇ ಅಂಥದ್ದು. ತಪ್ಪು ನಮ್ಮದು. ಆ ಒಂಟಿ ಗಂಡಸಿನ ಅನಾಥಪ್ರಜ್ಞೆಯನ್ನು ವಲಸೆ ಸಾಹಿತ್ಯಕ್ಕೇ ಅಳತೆಗೋಲು ಮಾಡಿಕೊಂಡೆವು.

ಅದೇ ಕೋಲನ್ನು ಲೇಖಕಿಯರಿಗೆ ಹಿಡಿದಾಗ ಅವರು ಗಿಡ್ಡವಾಗಿ ಕಂಡರು. ಮಿತ್ರಾ ವೆಂಕಟ್ರಾಜ್ ಮುಂಬೈಯಲ್ಲಿ ಕೂತು ಕುಂದಾಪುರದ ಕಡೆಯ ಬದುಕನ್ನು ಬರೆದರೆ ನಾವು 'ಊರಿನ ನೆನಪು' ಎಂದು ಒಂದು ಸಾಲಿನಲ್ಲಿ ಮುಗಿಸುತ್ತೇವೆ. ಕಥೆಯಲ್ಲಿ ಲೋಕಲ್ ಟ್ರೈನು, ಚಾಳು, ಆಫೀಸು ಇಲ್ಲದಿದ್ದರೆ ಅದು ಮುಂಬೈ ಕಥೆಯಲ್ಲ ಎಂಬ ಹಟ ನಮಗೆ. ಆದರೆ ಹೆಂಗಸಿನ ಮೊದಲ ವಲಸೆ ಹಳ್ಳಿಯಿಂದ ನಗರಕ್ಕಲ್ಲ, ಹುಟ್ಟಿದ ಮನೆಯಿಂದ ಕೊಟ್ಟ ಮನೆಗೆ. ರೈಲು ಹತ್ತುವ ಮೊದಲೇ ಅವಳು ಪರಸ್ಥಳದವಳಾಗಿರುತ್ತಾಳೆ. ಹಾಗಿರುವಾಗ ಕರಾವಳಿಯ ಅಡುಗೆಮನೆಯ ಕಥೆಯೂ ವಲಸೆಯ ಕಥೆಯೇ. ನನ್ನ ಲೇಖನದಲ್ಲಿ ಇದನ್ನು ನಾನು ಕಂಡಿರಲಿಲ್ಲ.

ಜಯಂತ ಕಾಯ್ಕಿಣಿಯವರ ಮುಂಬೈ ಕಥೆಗಳು ಬೇರೆ ದಾರಿ ಹಿಡಿದವು. 'ನೋ ಪ್ರೆಸೆಂಟ್ಸ್ ಪ್ಲೀಸ್'ನಲ್ಲಿ ಮನೆತನದ ಆಸರೆಯಿಲ್ಲದ ಹುಡುಗ ಹುಡುಗಿ ತಮ್ಮ ಮದುವೆಯ ಕರೆಯೋಲೆಯನ್ನು ತಾವೇ ಬರೆಯಲು ಕೂರುತ್ತಾರೆ. ಇಲ್ಲಿ ಹುಡುಗಿ ಯಾರ ಹಿಂದೆಯೂ ಬಂದವಳಲ್ಲ. ನಗರ ಇಬ್ಬರಿಗೂ ಸಮನಾಗಿ ಪರಕೀಯ, ಸಮನಾಗಿ ಆಪ್ತ. ಓದುವಾಗ ಮನಸ್ಸು ತುಂಬಿ ಬರುತ್ತದೆ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ: ಮದುವೆಯಾದ ಮರುವರ್ಷ ಆ ಸಮಾನತೆ ಏನಾಗುತ್ತದೆ? ಅಕ್ಕನಂಥವರ ಕಥೆ ಶುರುವಾಗುವುದೇ ಆ ಮರುವರ್ಷದಿಂದ.

ಆ ಮರುವರ್ಷದ ಸಾಹಿತ್ಯ ನಮ್ಮಲ್ಲಿ ಇಲ್ಲವೆಂದಲ್ಲ. ಹಲಸಂಗಿ ಗೆಳೆಯರು ಕೂಡಿಸಿ ಪ್ರಕಟಿಸಿದ 'ಗರತಿಯ ಹಾಡು' ತೆರೆದರೆ ಅಲ್ಲಿರುವುದೇ ತವರು, ಅಣ್ಣ, ದಾರಿ, ಕಾಯುವಿಕೆ. ಇಲ್ಲಿ ಮರಾಠಿಯಲ್ಲೂ ಹಾಗೆಯೇ. ಖಾನದೇಶದ ಬಹಿಣಾಬಾಯಿ ಚೌಧರಿ (1880–1951) ಅಕ್ಷರ ಕಲಿಯದೆ ಹಾಡಿದವರು. ಅವರ ಹಾಡುಗಳಲ್ಲಿ 'ಮಾಹೇರ್', ಅಂದರೆ ತವರು, ಮತ್ತೆ ಮತ್ತೆ ಬರುತ್ತದೆ. ಹೇಮಾ ರಾಯ್ರ್‌ಕರ್ ಮತ್ತು ಗೀ ಪ್ವಾತ್‌ವ್ಯಾಂ ಮಹಾರಾಷ್ಟ್ರದ ಹಳ್ಳಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಬೀಸುಕಲ್ಲಿನ ಓವಿಗಳನ್ನು ಸಂಗ್ರಹಿಸಿದ್ದಾರೆ. ಇವುಗಳನ್ನೆಲ್ಲ ನಾವು 'ಜಾನಪದ' ಎಂಬ ಕಪಾಟಿನಲ್ಲಿಟ್ಟು ಬೀಗ ಹಾಕಿ, ವಲಸೆ ಸಾಹಿತ್ಯವನ್ನು ನವ್ಯದಿಂದ ಎಣಿಸತೊಡಗಿದೆವು.

ತವರಿನ ಹಾಡನ್ನೇ ಮುಂದಿಟ್ಟು ಕಣ್ಣೊರೆಸಿಕೊಂಡರೂ ಸಾಲದು. ನಾನು ಸಂಭಾಜಿನಗರಕ್ಕೆ ಹೋದ ಆ ದೀಪಾವಳಿಯ ಹೊತ್ತೇ ಮರಾಠವಾಡದ ಕಬ್ಬು ಕಡಿಯುವವರು ಊರು ಬಿಡುವ ಕಾಲ. ಬೀಡ್, ಜಾಲ್ನಾ ಕಡೆಯಿಂದ ಹೊರಟವರಲ್ಲಿ ಹಲವರು ನಮ್ಮ ಬೆಳಗಾವಿ, ಬಾಗಲಕೋಟೆಯ ಕಾರ್ಖಾನೆಗಳಿಗೂ ಬರುತ್ತಾರೆ. ಗಂಡ ಹೆಂಡತಿ ಸೇರಿ ಒಂದು 'ಕೊಯ್ತಾ'. ಕೊಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಮುಂಗಡ, ಕೂಲಿ ಎರಡೂ ಜೋಡಿಯ ಲೆಕ್ಕದಲ್ಲಿ. ಹೆಂಗಸು ಅರ್ಧ ಕೊಯ್ತಾ. ಒಂದು ದಿನ ತಪ್ಪಿದರೆ ದಂಡ. ಮುಟ್ಟಿನ ದಿನಗಳೂ ಕೂಲಿಗೆ ಅಡ್ಡಿಯಾಗುವ ಈ ಬದುಕಿನಲ್ಲಿ ಬೀಡ್ ಜಿಲ್ಲೆಯ ಸಾವಿರಾರು ಹೆಂಗಸರು ಗರ್ಭಕೋಶ ತೆಗೆಸಿಕೊಂಡಿರುವ ಸಂಗತಿ 2019ರಲ್ಲಿ ಬಯಲಾಗಿ, ಸರ್ಕಾರ ತನಿಖಾ ಸಮಿತಿ ನೇಮಿಸಬೇಕಾಯಿತು. ಇದೂ ಕನ್ನಡ ನೆಲದವರೆಗೆ ಬರುವ ವಲಸೆಯೇ. ನಾನು ಓದಿದ ಮಟ್ಟಿಗೆ ನಮ್ಮ ಕಥೆಗಳಲ್ಲಿ ಈ ಅರ್ಧ ಕೊಯ್ತಾ ಸಿಕ್ಕಿಲ್ಲ.

2011ರ ಜನಗಣತಿಯ ಪ್ರಕಾರ ದೇಶದಲ್ಲಿ ಸುಮಾರು 45 ಕೋಟಿ ವಲಸಿಗರು. ಅವರಲ್ಲಿ ಮೂರರಲ್ಲಿ ಎರಡು ಪಾಲು ಹೆಂಗಸರು. ಅವರಲ್ಲಿ ಹೆಚ್ಚಿನವರ ಹೆಸರಿನ ಮುಂದೆ ಬರೆದಿರುವ ಕಾರಣ ಮದುವೆ. ಕಾಲಂ ಒಂದೇ ಕಾರಣವನ್ನು ಕೇಳುತ್ತದೆ. ಮದುವೆಯಾಗಿ ಬಂದವಳು ಆಮೇಲೆ ಕಬ್ಬು ಕಡಿದಳೋ, ದ್ರಾಕ್ಷಿತೋಟದಲ್ಲಿ ದುಡಿದಳೋ, ಹತ್ತು ಮಕ್ಕಳಿಗೆ ಮನೆಪಾಠ ಹೇಳಿದಳೋ, ಅಲ್ಲಿ ಬರೆಯಲು ಜಾಗವಿಲ್ಲ. ವಿಮರ್ಶೆಯೂ ಇಂಥದ್ದೇ ಒಂದು ಕಾಲಂ ಇಟ್ಟುಕೊಂಡಿದೆ. ಅದನ್ನು ಬದಲಿಸಬೇಕಾದರೆ ವಲಸೆಯ ಯಾವುದೇ ಕಥೆಗೆ ನಾವು ಕೇಳುವ ಪ್ರಶ್ನೆಗಳು ಸಣ್ಣವಾಗಬೇಕು: ಹೊರಡುವ ತೀರ್ಮಾನ ಯಾರದು? ಹೊಸ ಭಾಷೆ ಮೊದಲು ಕಲಿತವರು ಯಾರು? ಸೋತರೆ ವಾಪಸು ಹೋಗಲು ಯಾರಿಗೆ ಊರಿದೆ?

ನಾಸಿಕ್ ತಲುಪಿ ಅಕ್ಕನಿಗೆ ಫೋನ್ ಮಾಡಿ, ಲೇಖನ ತಿದ್ದಿ ಬರೆಯುತ್ತೇನೆ ಎಂದೆ. "ಮೊದಲು ಅಮ್ಮನ್ನ ಕೇಳು" ಅಂದಳು. ಕೇಳಿದೆ. ಓಝರ್‌ಗೆ ಬಂದ ತಾರೀಕು ಅಮ್ಮನಿಗೆ ನೆನಪಿಲ್ಲ. ನೆನಪಿರುವುದು ಒಂದೇ: ಲಾರಿಯಲ್ಲಿ ಜಾಗವಿಲ್ಲವೆಂದು ತವರಿನಿಂದ ಕೊಟ್ಟಿದ್ದ ಒರಳುಕಲ್ಲನ್ನು ಬೆಂಗಳೂರಿನ ಬಾಡಿಗೆಮನೆಯ ಹಿತ್ತಲಲ್ಲೇ ಬಿಟ್ಟು ಬಂದದ್ದು. ಅದನ್ನು ಅವಳು ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ.