ಸಾಧಾರಣ ಚಿಕಿತ್ಸೆ, ಅಸಾಧಾರಣ ಚಿಕಿತ್ಸೆ: ಕ್ಯಾಥೊಲಿಕ ನೀತಿವಿಚಾರದ ಒಂದು ವಿಮರ್ಶೆ

ಏನೇ ಆದರೂ ಜೀವವನ್ನು ಹಿಡಿದಿಡಲೇಬೇಕೆಂಬುದು ಕ್ಯಾಥೊಲಿಕ ಧರ್ಮಸಭೆಯ ಉಪದೇಶವೆಂದು ನಮ್ಮ ವಿದ್ಯಾವಂತರಲ್ಲಿ ಅನೇಕರು ಭಾವಿಸಿರುತ್ತಾರೆ. ಮೂಲವನ್ನು ಪರಿಶೀಲಿಸಿದರೆ ಈ ಭಾವನೆ ನಿಲ್ಲಲಾರದು. 1957ರ ನವೆಂಬರಿನಲ್ಲಿ ಅರಿವಳಿಕೆ ತಜ್ಞರನ್ನುದ್ದೇಶಿಸಿ ಮಾತನಾಡಿದ ಪೋಪ್ ಹನ್ನೆರಡನೆಯ ಪಯಸ್ ಅವರು, ರೋಗಿಯು ಸಾಧಾರಣ ಉಪಾಯಗಳಿಗೆ ಮಾತ್ರ ಬದ್ಧನೆಂದೂ, ತನಗಾಗಲಿ ಪರರಿಗಾಗಲಿ ಅತಿಭಾರವಾಗುವ ಉಪಾಯಗಳಿಗೆ ಬದ್ಧನಲ್ಲವೆಂದೂ ತಿಳಿಸಿದರು. ಹದಿನಾರನೆಯ ಶತಮಾನದ ಸ್ಪೇನಿನ ಪಂಡಿತರಲ್ಲಿಯೇ ಈ ವಿವೇಚನೆಯ ಬೇರುಗಳಿವೆ. 1980ರ ವ್ಯಾಟಿಕನ್ ಘೋಷಣೆಯು ದಯಾಮರಣವನ್ನು ಖಂಡಿಸಿತು. ಆದರೆ ಕುಟುಂಬಕ್ಕೆ ಮಿತಿಮೀರಿದ ವೆಚ್ಚ ತಗಲಬಾರದೆಂದು ಭಾರವಾದ ಚಿಕಿತ್ಸೆಯನ್ನು ಒಲ್ಲೆನೆನ್ನುವುದು ಆತ್ಮಹತ್ಯೆಯಲ್ಲವೆಂದಿತು.

ಈ ವಿಚಾರಸರಣಿಯ ಗುಣವೆಂದರೆ, ಅದು ಯಂತ್ರವನ್ನು ನೋಡಿ ಅಳೆಯದೆ ವ್ಯಕ್ತಿ, ಸ್ಥಳ, ಕಾಲಗಳನ್ನು ನೋಡಿ ಅಳೆಯುತ್ತದೆ. ಅದರ ದೌರ್ಬಲ್ಯವೂ ಅಲ್ಲಿಯೇ ಇದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಒಕ್ಕಲು ಮನೆತನವೊಂದು ತನ್ನ ಹಿರಿಯರನ್ನು ಬೆಳಗಾವಿಗೋ ಹುಬ್ಬಳ್ಳಿಗೋ ಒಯ್ದು ಕೃತಕ ಉಸಿರಾಟದ ಯಂತ್ರಕ್ಕೆ ಒಪ್ಪಿಸಿದಾಗ, ಸಾಲವಾಗುವುದು, ಹೊಲ ಮಾರುವುದು ಅಪರೂಪವಲ್ಲ. ಸಿರಿವಂತನಿಗೆ ಸಾಧಾರಣವಾದ ಚಿಕಿತ್ಸೆ ಇವರಿಗೆ ಅಸಾಧಾರಣವಾಗುತ್ತದೆ. ಹೀಗಾದರೆ ಬಡತನವೇ ನೀತಿಸೂತ್ರದ ವೇಷ ತೊಟ್ಟು ಬಂದಂತಾಗುವುದಿಲ್ಲವೇ? ಮೇಲಾಗಿ, ನಿರಾಕರಿಸುವ ಅಧಿಕಾರವನ್ನು ಆ ಶಾಸ್ತ್ರ ರೋಗಿಗೆ ಕೊಟ್ಟಿದೆ. ನಮ್ಮ ಮನೆಗಳಲ್ಲಿ ಹಣದ ಚೀಲ ಹಿಡಿದವನೇ ನಿರ್ಧರಿಸುತ್ತಾನೆ. ಮುದುಕಿಯನ್ನಂತೂ ಕೇಳುವವರೇ ವಿರಳ.

ಒಪ್ಪಿ ಬರಮಾಡಿಕೊಂಡ ಮರಣ ಈ ನಾಡಿಗೆ ಅಪರಿಚಿತವಲ್ಲ. ರಟ್ಟರ ರಾಜಧಾನಿಯಾಗಿದ್ದ ಸವದತ್ತಿಯು ಜೈನಧರ್ಮಕ್ಕೆ ಆಶ್ರಯವಿತ್ತ ನೆಲ. ಸಲ್ಲೇಖನವನ್ನು ಕ್ಯಾಥೊಲಿಕ ತತ್ತ್ವದೊಡನೆ ಒಂದೆಂದು ಹೇಳುವುದು ತಪ್ಪಾದೀತು. ಆದರೆ ವ್ರತ ತೊಟ್ಟವರು ತಾವೇ ತೊಟ್ಟರೆಂಬ ಅಂಶ ಮಾತ್ರ ಇಲ್ಲಿ ಸ್ಮರಣೀಯ.

ಹೊನ್ನಾವರ ಸೀಮೆಯ ಹಳದೀಪುರದ ಅರುಣಾ ಶಾನಭಾಗರ ಪ್ರಸಂಗ ಇನ್ನೊಂದು ಮಗ್ಗುಲನ್ನು ತೋರಿಸುತ್ತದೆ. 1973ರ ಹಲ್ಲೆಯಿಂದ 2015ರ ಮರಣದವರೆಗೆ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯ ದಾದಿಯರು ಅವರನ್ನು ಉಣಿಸಿ ಉಪಚರಿಸಿದರು. ಆಹಾರ ನಿಲ್ಲಿಸಬೇಕೆಂಬ ಅರ್ಜಿಯನ್ನು ಸುಪ್ರೀಂ ಕೋರ್ಟು 2011ರಲ್ಲಿ ತಳ್ಳಿಹಾಕಿತು. ಅನ್ನ, ನೀರು ತತ್ತ್ವತಃ ಸಾಧಾರಣ ಉಪಾಯಗಳೇ ಎಂದು ವ್ಯಾಟಿಕನ್ 2007ರಲ್ಲಿ ಹೇಳಿದ ಮಾತಿಗೆ, ಆ ದಾದಿಯರ ನಡತೆ ಶಾಸ್ತ್ರದ ನೆರವಿಲ್ಲದೆಯೇ ಹೊಂದುತ್ತದೆ.

2018ರ ತೀರ್ಪು, 2023ರ ಅದರ ಪರಿಷ್ಕರಣ, 2025ರ ಜನವರಿಯ ಕರ್ನಾಟಕ ಸರ್ಕಾರದ ಸುತ್ತೋಲೆ ಇವುಗಳಿಂದ, ಚಿಕಿತ್ಸೆಯನ್ನು ಹಿಂತೆಗೆಯಲು ಎರಡು ವೈದ್ಯಮಂಡಲಿಗಳ ಒಪ್ಪಿಗೆ ಬೇಕೆಂಬ ಕ್ರಮ ಏರ್ಪಟ್ಟಿದೆ. ಇದು ಆಸ್ಪತ್ರೆಯ ಒಳಗಿನ ನಿರ್ಧಾರಕ್ಕೆ ಕಾವಲು. ಹಣ ತೀರಿತೆಂದು ರೋಗಿಯನ್ನು ಮನೆಗೆ ಕರೆದೊಯ್ಯುವ ಬಂಧುಗಳ ನಿರ್ಧಾರಕ್ಕೆ ಕಾವಲು ಯಾವುದು?

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು: ಸಾಧಾರಣ-ಅಸಾಧಾರಣಗಳ ವಿವೇಚನೆ ಗ್ರಾಹ್ಯವೇ ಹೌದು. ಆದರೆ ರೋಗಿಯ ಮಾತನ್ನು ಮೊದಲು ಕೇಳಿ, ನೋವು ಶಮನ ಮಾಡುವ ಆರೈಕೆಯನ್ನು ತಾಲ್ಲೂಕು ಆಸ್ಪತ್ರೆಯಲ್ಲಿಯೇ ಒದಗಿಸಿದ ಮೇಲೆ ಮಾತ್ರ ಅದು ನೀತಿಯೆನಿಸೀತು. ಅಲ್ಲಿಯವರೆಗೆ ಅದು ಕೈಲಾಗದವರ ಸಮಾಧಾನವಾಗಿಯೇ ಉಳಿಯುವುದು.