ನಗರದ ಚಿತ್ರಕ್ಕೆ ಗ್ರಾಮ್ಯದೋಷ

ಕಾವ್ಯದೋಷಗಳನ್ನು ಎಣಿಸುವಾಗ ನಮ್ಮ ಆಲಂಕಾರಿಕರು 'ಗ್ರಾಮ್ಯ'ವೆಂಬುದನ್ನೂ ಸೇರಿಸಿದ್ದಾರೆ. ನಾಗರಿಕರ ಸಭೆಯಲ್ಲಿ ಸಲ್ಲದ, ಸಭ್ಯತೆಯ ಎಲ್ಲೆ ಮೀರಿದ ಮಾತು ಎಂಬುದು ಅದರ ತಾತ್ಪರ್ಯ. ವಿಚಿತ್ರವೆಂದರೆ, 1906ರಲ್ಲಿ ಇದೇ ಆರೋಪ ನ್ಯೂಯಾರ್ಕಿನಂಥ ಮಹಾನಗರದ ಚಿತ್ರಗಳ ಮೇಲೆಯೇ ಬಂದಿತು. ಜಾನ್ ಸ್ಲೋನ್ ಎಂಬ ಕಲಾವಿದ ತಾನಿದ್ದ ಊರಿನ ಜೀವನವನ್ನು ಹತ್ತು ಎಚಿಂಗುಗಳಲ್ಲಿ ಬರೆದಿದ್ದ. ಅಮೆರಿಕದ ಜಲವರ್ಣ ಚಿತ್ರಕಾರರ ಸಂಘದವರು ಅವುಗಳಲ್ಲಿ ನಾಲ್ಕನ್ನು ಅಸಭ್ಯವೆಂದು ಹಿಂದಕ್ಕೆ ಕಳುಹಿಸಿದರು. ನಗರವನ್ನು ಇದ್ದಂತೆ ತೋರಿಸಿದುದೇ ನಾಗರಿಕರಿಗೆ ಗ್ರಾಮ್ಯವಾಗಿ ಕಂಡಿತು!

ಸ್ಲೋನ್ (1871-1951) ಕಲೆಗೆ ಬಂದದ್ದು ಪತ್ರಿಕೆಯ ಬಾಗಿಲಿನಿಂದ. ಫಿಲಡೆಲ್ಫಿಯದ ದಿನಪತ್ರಿಕೆಗಳಿಗೆ ಅವನು ಚಿತ್ರ ಬರೆದುಕೊಡುತ್ತಿದ್ದ. ಪತ್ರಿಕೆಗಳಲ್ಲಿ ಫೋಟೋ ಅಚ್ಚಾಗುವುದು ಸುಲಭವಾದಂತೆ ಅಂಥ ಚಿತ್ರಕಾರರ ಅಗತ್ಯ ಕಡಮೆಯಾಯಿತು. 1904ರಲ್ಲಿ ಅವನು ನ್ಯೂಯಾರ್ಕಿಗೆ ಬಂದು ನೆಲೆಸಿದ. ಎಚಿಂಗ್ ವಿದ್ಯೆಯನ್ನು ಅವನು ಯಾವ ಗುರುವಿನಿಂದಲೂ ಪಡೆದುದಲ್ಲ; ಪುಸ್ತಕವೊಂದನ್ನು ಓದಿ ತಾನೇ ಕಲಿತುಕೊಂಡದ್ದು. ತಾಮ್ರದ ತಗಡಿಗೆ ಮೇಣದ ಲೇಪ ಹಚ್ಚಿ, ಸೂಜಿಯಿಂದ ಅದರ ಮೇಲೆ ಗೀರಿ, ತಗಡನ್ನು ಆಮ್ಲದಲ್ಲಿ ಅದ್ದುತ್ತಾರೆ. ಗೀರಿದ ಕಡೆ ಮಾತ್ರ ಆಮ್ಲ ಲೋಹವನ್ನು ತಿನ್ನುತ್ತದೆ. ಆ ಗೀರುಗಳಲ್ಲಿ ಮಸಿ ತುಂಬಿ, ಒದ್ದೆ ಕಾಗದದ ಮೇಲೆ ಒತ್ತಿದರೆ ಚಿತ್ರ ಮೂಡುತ್ತದೆ. ಒಂದೇ ತಗಡಿನಿಂದ ಹಲವು ಪ್ರತಿಗಳನ್ನು ತೆಗೆಯಬಹುದಾದುದರಿಂದ ಇದು ತೈಲಚಿತ್ರದಂತೆ ಒಬ್ಬ ಧನಿಕನ ಗೋಡೆಗೆ ಮೀಸಲಾದ ಕಲೆಯಲ್ಲ.

ಈ ಚಿತ್ರಗಳ ಮೂಲಪ್ರತಿಗಳು ಇಂದು ಅಮೆರಿಕದ ದೊಡ್ಡ ಮ್ಯೂಸಿಯಂಗಳಲ್ಲಿವೆ. ನಾನು ನೋಡಿರುವುದು ಪುಸ್ತಕಗಳಲ್ಲಿ ಬಂದಿರುವ ಪ್ರತಿಕೃತಿಗಳನ್ನು. ಆದರೂ ಒಂದು ಅನುಕೂಲವುಂಟು: ಮೂಲಚಿತ್ರಗಳೂ ಹೆಚ್ಚುಕಡಮೆ ಐದು ಅಂಗುಲಕ್ಕೆ ಏಳು ಅಂಗುಲದವು, ಪುಸ್ತಕದ ಪುಟದಲ್ಲಿ ಕುಗ್ಗದೆ ನಿಲ್ಲುತ್ತವೆ. ಆ ಪುಟ್ಟ ಅಳತೆಯೊಳಗೆ ಎಷ್ಟೊಂದು ಜನ! ಕಾಸಿಗೊಂದು ನೋಟ ತೋರಿಸುವ ಯಂತ್ರಗಳಲ್ಲಿ ಇಣಿಕಿ ನಗುವ ಹುಡುಗಿಯರಿದ್ದಾರೆ. ಬೆನ್ನಿಗೆ ನಗಾರಿ ಕಟ್ಟಿಕೊಂಡು ಬೀದಿಯಲ್ಲಿ ಒಬ್ಬನೇ ವಾದ್ಯಮೇಳ ನಡೆಸುವವನಿದ್ದಾನೆ. ಸಾರೋಟಿನಲ್ಲಿ ಕುಳಿತು ಇತರರನ್ನು ಮೂಗು ಮುರಿದು ನೋಡುವ ಶ್ರೀಮಂತ ಸ್ತ್ರೀಯರಿದ್ದಾರೆ. ಇವರಿಗೆ ಕಲಾವಿದ ಇಟ್ಟಿರುವ ಹೆಸರು 'ಐದನೆಯ ಅವೆನ್ಯೂವಿನ ವಿಮರ್ಶಕರು'.

'ಮಹಿಳೆಯರ ಪುಟ' ಎಂಬ ಚಿತ್ರವನ್ನು ನೋಡಿ. ಅಸ್ತವ್ಯಸ್ತವಾದ ಕೋಣೆಯಲ್ಲಿ ಹೆಂಗಸೊಬ್ಬಳು ಕುರ್ಚಿಯ ಮೇಲೆ ಕುಳಿತು ಪತ್ರಿಕೆಯಲ್ಲಿ ಮಹಿಳೆಯರಿಗಾಗಿ ಬರುವ ಪುಟವನ್ನು ಓದುತ್ತಿದ್ದಾಳೆ. ಒಗೆಯುವ ಬಟ್ಟೆ ಕಾದಿದೆ, ಮಗು ಹಾಸಿಗೆಯ ಮೇಲೆ ತನ್ನ ಪಾಡಿಗೆ ಆಡುತ್ತಿದೆ. ಪತ್ರಿಕೆ ವರ್ಣಿಸುವ ಮನೆಗೂ ಅದನ್ನು ಓದುವ ಮನೆಗೂ ಇರುವ ಅಂತರವನ್ನು ಕಲಾವಿದ ಒಂದು ಮಾತೂ ಆಡದೆ ಹೇಳಿಬಿಟ್ಟಿದ್ದಾನೆ. ಇಲ್ಲಿ ಹಾಸ್ಯವಿದೆ, ಅಪಹಾಸ್ಯವಿಲ್ಲ. ಆ ಗಳಿಗೆಯ ಬಿಡುವು ಅವಳಿಗೆ ಸಲ್ಲತಕ್ಕದ್ದೆಂದು ನಮಗೂ ತೋರುತ್ತದೆ.

ಆದರೆ ಸ್ಲೋನನ ಮೇಲಿನ ಆಕ್ಷೇಪವನ್ನು ಇಷ್ಟಕ್ಕೇ ತಳ್ಳಿಹಾಕುವುದು ನ್ಯಾಯವಾಗಲಾರದು. ಬಡವರ ಕೋಣೆಯೊಳಕ್ಕೆ ಕಲಾವಿದ ಕಣ್ಣು ಹಾಯಿಸಬಹುದೆ? ಅವನು ಮನೆಯ ಹಿಂಬದಿಯ ಕಿಟಕಿಯಿಂದ ನೆರೆಹೊರೆಯವರ ಬಾಳನ್ನು ಗಮನಿಸುತ್ತಿದ್ದುದು ನಿಜ. ಸಹಾನುಭೂತಿ ಎಲ್ಲಿ ಮುಗಿಯುತ್ತದೆ, ಇಣಿಕುನೋಟ ಎಲ್ಲಿ ಮೊದಲಾಗುತ್ತದೆ? ಇದು ಅಂದಿನ ಸಂಘದವರು ಕೇಳಿದ ಪ್ರಶ್ನೆಗಿಂತ ಗಹನವಾದದ್ದು.

ಇದಕ್ಕೆ ಉತ್ತರವನ್ನು ನಾನು ಕಾಣುವುದು 'ಮಾಳಿಗೆಗಳು, ಬೇಸಗೆಯ ರಾತ್ರಿ' ಎಂಬ ಚಿತ್ರದಲ್ಲಿ. ಸೆಕೆ ತಾಳಲಾರದೆ ಬಾಡಿಗೆ ಮನೆಗಳ ಜನ ಹಾಸಿಗೆ ಹೊತ್ತು ಮಾಳಿಗೆಗೆ ಬಂದು ಮಲಗಿದ್ದಾರೆ. ಬೇಸಗೆಯಲ್ಲಿ ಮಾಳಿಗೆಯ ಮೇಲೆ ಮಲಗಿದ ನಮ್ಮವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎಲ್ಲರೂ ನಿದ್ದೆಯಲ್ಲಿರುವಾಗ ಒಬ್ಬ ಗಂಡಸು ಮಾತ್ರ ಎಚ್ಚತ್ತಿದ್ದಾನೆ. ಅವನ ದೃಷ್ಟಿ ಪಕ್ಕದಲ್ಲಿರುವ ತನ್ನ ಹೆಂಡತಿಯ ಮೇಲಿಲ್ಲ, ಅತ್ತ ಮಲಗಿರುವ ಇನ್ನೊಬ್ಬ ಹೆಂಗಸಿನ ಮೇಲಿದೆ. ಕಳ್ಳನೋಟವನ್ನು ಕಲಾವಿದ ಮರೆಮಾಚಿಲ್ಲ. ಅದನ್ನೇ ಚಿತ್ರದ ವಸ್ತುವಾಗಿಸಿದ್ದಾನೆ. ಆ ಮನುಷ್ಯನನ್ನು ನೋಡಿ ಹುಬ್ಬು ಗಂಟಿಕ್ಕುವ ನಾವೂ ಮಲಗಿರುವವರನ್ನು ನೋಡುತ್ತಲೇ ಇದ್ದೇವಷ್ಟೆ. ನೋಡುವವನನ್ನೇ ನೋಟದೊಳಗೆ ತಂದು ನಿಲ್ಲಿಸಿದಾಗ ಗ್ರಾಮ್ಯವೆಂಬ ಆರೋಪ ಹೇಳಿದವರ ಕಡೆಗೇ ತಿರುಗುತ್ತದೆ. ಔಚಿತ್ಯವೆಂದರೆ ಇದು: ಯಾವ ವಸ್ತುವನ್ನು ಆರಿಸಿದ ಎಂಬುದಲ್ಲ, ಅದರೊಡನೆ ತನ್ನನ್ನು ಎಲ್ಲಿ ಇರಿಸಿಕೊಂಡ ಎಂಬುದು.

ಇಂಥ ಕಲೆಗೆ ಎಡೆ ದೊರೆತದ್ದು ದೊಡ್ಡ ಸಭಾಂಗಣಗಳಲ್ಲಿ ಅಲ್ಲ, ಚಿಕ್ಕ ಗ್ಯಾಲರಿಗಳಲ್ಲಿ. 1908ರ ಫೆಬ್ರವರಿಯಲ್ಲಿ ವಿಲಿಯಂ ಮ್ಯಾಕ್‌ಬೆತ್ ಎಂಬ ಚಿತ್ರವ್ಯಾಪಾರಿ ತನ್ನ ಪುಟ್ಟ ಗ್ಯಾಲರಿಯನ್ನು ರಾಬರ್ಟ್ ಹೆನ್ರಿ, ಸ್ಲೋನ್ ಮೊದಲಾದ ಎಂಟು ಮಂದಿ ಕಲಾವಿದರಿಗೆ ಬಿಟ್ಟುಕೊಟ್ಟ. ಅಕಾಡೆಮಿಯ ಆಯ್ಕೆಯಿಂದ ಬೇಸತ್ತವರು ಅಲ್ಲಿ ತಮ್ಮ ವರ್ಣಚಿತ್ರಗಳನ್ನು ತೂಗುಹಾಕಿದರು. ಜನ ಕಿಕ್ಕಿರಿದು ಬಂದರು. ಮಾರಾಟವಾದದ್ದು ಏಳು, ಅವುಗಳಲ್ಲಿ ನಾಲ್ಕನ್ನು ಕೊಂಡಾಕೆ ಗರ್ಟ್ರೂಡ್ ವಿಟ್ನಿ. ಸ್ಲೋನನದು ಒಂದೂ ಮಾರಲಿಲ್ಲ. 1916ರಲ್ಲಿ ಅವನ ಚಿತ್ರಗಳದೇ ಮೊದಲ ಪ್ರದರ್ಶನ ನಡೆದದ್ದು ಈ ವಿಟ್ನಿಯವರ ಸ್ಟುಡಿಯೋದಲ್ಲಿ. ಇಲ್ಲಿ ನನಗೆ ಮುಖ್ಯವಾಗಿ ತೋರುವುದು ಕೋಣೆಯ ಅಳತೆ. ಅಂಗೈಯಗಲದ ಎಚಿಂಗನ್ನು ಇಪ್ಪತ್ತು ಅಡಿ ದೂರದಿಂದ ನೋಡಲಾಗದು. ಹತ್ತಿರ ಹೋಗಬೇಕು, ಬಗ್ಗಬೇಕು. ಬಗ್ಗಿದವನಿಗೆ ಮೇಲಿನಿಂದ ನೋಡುವ ಗತ್ತು ಉಳಿಯುವುದಿಲ್ಲ. ಮನುಷ್ಯಾಕೃತಿಯ ಕಲೆಗೆ ಚಿಕ್ಕ ಗ್ಯಾಲರಿ ಒದಗಿಸುವ ದೊಡ್ಡ ಉಪಕಾರ ಇದೇ.

ಈಗ ಆ ಚಿತ್ರಗಳಿಗೆ ಬೇರೊಂದು ಅಪಾಯ ಒದಗಿದೆ. ಹಳೆಯ ನಗರದ ಎಚಿಂಗುಗಳೆಂದರೆ ಇಂದು ಎಲ್ಲರಿಗೂ ಅಚ್ಚುಮೆಚ್ಚು. ಅನಿಲದ ದೀಪ, ಕುದುರೆಯ ಗಾಡಿ, ಉದ್ದ ಲಂಗದ ಹುಡುಗಿಯರು: 'ಆ ಕಾಲವೇ ಚೆನ್ನ' ಎಂದು ನಿಟ್ಟುಸಿರಿಟ್ಟು, ಚೌಕಟ್ಟು ಹಾಕಿಸಿ, ಬೈಠಕ್‌ಖಾನೆಯ ಗೋಡೆಗೆ ತೂಗುಹಾಕುತ್ತಾರೆ. ಅಂದಿನವರು ಹೇಸಿದರು, ಇಂದಿನವರು ಮುದ್ದಿಸುತ್ತಾರೆ. ಮಾಳಿಗೆಯ ಮೇಲೆ ಮಲಗಿದವರು ಸೊಗಸಿಗಾಗಿ ಅಲ್ಲಿಗೆ ಬಂದವರಲ್ಲ, ಕೆಳಗಿನ ಕೋಣೆಯಲ್ಲಿ ಗಾಳಿಯಿಲ್ಲದೆ ಬಂದವರು ಎಂಬುದನ್ನು ಈ ಇಬ್ಬರೂ ಕಾಣಲಿಲ್ಲ. ಹೇಸಿಗೆಗಿಂತ ಮುದ್ದು ಮೃದುವಾದದ್ದು, ಆದರೆ ಕುರುಡಿನಲ್ಲಿ ಅದಕ್ಕೇನೂ ಕಡಮೆಯಲ್ಲ.

ಸ್ಲೋನನಿಗಿಂತ ಹೆಚ್ಚು ನಯವಾದ ಕೈಯುಳ್ಳ ಎಚಿಂಗ್‌ಕಾರರು ಇದ್ದಾರೆ. ಅವನ ಗೆರೆ ಕೆಲವೆಡೆ ಪತ್ರಿಕೆಯ ಅವಸರವನ್ನು ಉಳಿಸಿಕೊಂಡಿದೆ. ಕೆಲವು ಮುಖಗಳು ವ್ಯಂಗ್ಯಚಿತ್ರದ ಸಮೀಪಕ್ಕೆ ಸರಿಯುತ್ತವೆ. ಆದರೆ ನಗರವೆಂದರೆ ಕಟ್ಟಡಗಳಲ್ಲ, ಒಬ್ಬರನ್ನೊಬ್ಬರು ನೋಡುತ್ತ ಒತ್ತಾಗಿ ಬಾಳುವ ಜನ ಎಂಬುದನ್ನು ಅವನು ಕಂಡಷ್ಟು ಸ್ಪಷ್ಟವಾಗಿ ಕಂಡವರು ವಿರಳ. ಎಚ್ಚತ್ತ ಆ ಒಬ್ಬನನ್ನು ಮಾಳಿಗೆಯ ಮೇಲೆ ಕೂರಿಸಿದ್ದಕ್ಕಾಗಿಯೇ ಅವನನ್ನು ದೊಡ್ಡ ಕಲಾವಿದರ ಸಾಲಿನಲ್ಲಿ ನಿಲ್ಲಿಸಲು ನಾನು ಹಿಂಜರಿಯುವುದಿಲ್ಲ.